ಮೊಣಕೈ ತಿಕ್ಕಬ್ಯಾಡ್ರಿ



ಮಮದಾಪುರದ ನಮ್ಮ ಅಕ್ಕನ ಮಗಳ ಬಗ್ಗೆ ಭಾಳ ಮಂದಿ ಕೇಳ್ತಿದ್ದೀರಿ. ಜಾವೆಲಿನ್ ಎಸೆಯೋ ಹುಡುಗಿ, ಜನವರಿಯಲ್ಲಿ ಬಲ ಮೊಣಕೈ ಆಪರೇಷನ್ ಆದಾಕಿ. "ಆರಾಮ ಅದಾಳ" ಅಂತ ಒಂದೇ ಮಾತಿನಾಗ ಮುಗಿಸ್ತಿದ್ದೆ. ಪೂರ್ತಿ ಹೇಳಿರಲಿಲ್ಲ, ಯಾಕಂದ್ರ ಅದರಾಗ ನನ್ನ ತಪ್ಪೂ ಐತಿ.

ಹರಿದಿದ್ದು ಮೊಣಕೈ ಒಳಮಗ್ಗುಲಿನ ಲಿಗಮೆಂಟ್. ಎಸೆಯುವಾಗ ತೋಳು ಮುಂದಕ್ಕೆ ಬರೋ ಕ್ಷಣದಲ್ಲಿ ಜಗ್ಗಾಟ ಬೀಳೋದು ಅದರ ಮ್ಯಾಲೆ. ಮುಂಗೈಯಿಂದ ತೆಳುವಾದ ಒಂದು ಸ್ನಾಯುರಜ್ಜು ತಗದು, ಎಲುಬಿಗೆ ತೂತು ಹಾಕಿ ಅಲ್ಲಿ ಪೋಣಿಸ್ತಾರ. 1974ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಟಾಮಿ ಜಾನ್‌ಗೆ ಡಾ. ಫ್ರಾಂಕ್ ಜೋಬ್ ಮಾಡಿದ್ದು. ಇವತ್ತಿಗೂ ಆ ಆಪರೇಷನ್‌ಗೆ ಆಟಗಾರನ ಹೆಸರೇ ಐತಿ, ಡಾಕ್ಟರದ್ದಲ್ಲ. ನನಗದು ಭಾಳ ಸೇರಿತು.

ಪಟ್ಟಿ ಬಿಚ್ಚಿದಾಗ ಕೈ ನೆಟ್ಟಗಾಗಲಿಲ್ಲ. ಓಣಿ ಮಂದಿಯೆಲ್ಲ ಎಣ್ಣಿ ಹಚ್ಚಿ, ಜಗ್ಗಿ ತಿಕ್ಕಿಸ್ರಿ ಅಂದ್ರು. ಫಿಜಿಯೋ ಹೆಣ್ಣುಮಗಳು ಕೈ ಮುಗಿದು ಬ್ಯಾಡಂದಳು. ಗಾಯಾದ ಮೊಣಕೈಯನ್ನ ಜಬರದಸ್ತಿ ಜಗ್ಗಿ ತಿಕ್ಕಿದ್ರ ಸ್ನಾಯುವಿನೊಳಗೇ ಎಲುಬು ಬೆಳೆಯೋ ಅಪಾಯ ಐತಂತ. ಹುಡುಗಿ ತಾನೇ ಎಷ್ಟು ಚಾಚತಾಳೋ ಅಷ್ಟೇ, ದಿನಾ ಸ್ವಲ್ಪ ಸ್ವಲ್ಪ.

ಆಕಿ ನಮ್ಮ ಹುಡುಗಿ ಕೈಯನ್ನ ತನ್ನ ಅಂಗೈಯಾಗ ಹಿಡಿದು ಕುಂತಿದ್ದು ನೋಡಿ ನನಗ ಅಪ್ಪ ನೆನಪಾದ. ಅಪ್ಪನ ಕೈ ಮುರಿದಾಗ ನಾಟಿ ವೈದ್ಯ ದೂರ ನಿಂತು ಹೇಳಿದ, ಅವ್ವ ಬಿದಿರು ಕಟ್ಟಿದಳು. ಮುಟ್ಟಲಿಲ್ಲ ಅವ. ಅಪ್ಪನ ಕೈ ಸಾಯೋತನಕ ಸೊಟ್ಟಗೇ ಇತ್ತು.

ಮೊದಲ ವಾರಗಳು ಬರೇ ಚಂಡು ಹಿಸುಕೋದು, ಬೆರಳು, ಮಣಿಕಟ್ಟು. ಆಮೇಲೆ ಭುಜ, ಬೆನ್ನು, ಸೊಂಟ. ಎಸೆತ ಹುಟ್ಟೋದು ಕಾಲಿನಿಂದ ಅಂತ ಆಕಿ ನನಗ ಪಾಠ ಮಾಡ್ತಿದ್ದಳು. ಎಸೆಯೋಕ ಶುರು ಮಾಡಾಕ ನಾಲ್ಕೈದು ತಿಂಗಳಾದ್ರೂ ಬೇಕು, ಕಣಕ್ಕ ಇಳಿಯಾಕ ವರ್ಷ.

ನನಗ ಅಷ್ಟು ತಡಕೊಳ್ಳೋಕ ಆಗಲಿಲ್ಲ. ಏಪ್ರಿಲ್ 14ರ ಮೆರವಣಿಗೆ. ಆಕೀನ್ನ ವೇದಿಕೆಗೆ ಕರೆದು ನೀಲಿ ಧ್ವಜ ಕೈಗೆ ಕೊಟ್ಟು, "ಎಸೆಯೋ ಹಂಗ ಒಮ್ಮೆ ತೋರಸವಾ" ಅಂದೆ. "ಮಾಮಾ, ಡಾಕ್ಟರು ಬ್ಯಾಡಂದಾರ" ಅಂತ ಪಿಸುಗುಟ್ಟಿದಳು. ಮಂದಿ ಸೀಟಿ ಹೊಡೆದರು. ಬೀಸಿದಳು. ಆ ಫೋಟೋ ನೀವೆಲ್ಲ ನೋಡೀರಿ, ಲೈಕ್ ಒತ್ತೀರಿ. ರಾತ್ರಿ ಹೊತ್ತಿಗೆ ಮೊಣಕೈ ಬಾತು ಬದನೆಕಾಯಿ ಆಗಿತ್ತು. ಫಿಜಿಯೋ ಬೈಯಲಿಲ್ಲ. "ಫೋಟೋ ಚಲೋ ಬಂದೈತೇನ್ರಿ ಸರ್?" ಅಂದಳು. ಪೋಣಿಸಿದ್ದು ಹರಿದಿರಲಿಲ್ಲ, ಆದ್ರ ಆರು ವಾರ ಹಿಂದಕ್ಕ ಹೋಯಿತು.

ನೀರಜ್ ಚೋಪ್ರಾಗೂ 2019ರ ಮೇ ತಿಂಗಳಲ್ಲಿ ಮೊಣಕೈ ಆಪರೇಷನ್ ಆಗಿತ್ತು. ಚೇತರಿಸಿಕೊಂಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಸಂಸ್ಥೆಯಲ್ಲಿ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹನಾದ. ಅವನ ಬೆವರಿನ ಬಗ್ಗೆ ನನಗ ತಕರಾರಿಲ್ಲ. ಆದ್ರ ಅವನ ಪಕ್ಕದಾಗ ಫಿಜಿಯೋ ಇದ್ದರು. ನಮ್ಮ ಹುಡುಗಿ ವಾರಕ್ಕ ಎರಡು ಸಲ ಗೋಕಾಕಕ್ಕ ಹೋಗಬೇಕು. 2023ರ ಶಕ್ತಿ ಯೋಜನೆಯಿಂದ ಬಸ್ಸು ಪುಕ್ಕಟೆ, ಜೊತೆಗೆ ಹೋಗೋ ಅಕ್ಕನ ದಿನಗೂಲಿ ಪುಕ್ಕಟೆ ಅಲ್ಲ. ಆಪರೇಷನ್ ಬಿಪಿಎಲ್ ಕಾರ್ಡಿನ ಮ್ಯಾಲೆ ಆಯಿತು, ಫಿಜಿಯೋ ಖರ್ಚು ಮಾತ್ರ ನಮ್ಮ ಕಿಸೆಯಿಂದ. ಕೈ ಕೊಯ್ಯೋಕ ರೊಕ್ಕ ಐತಿ, ಕೈ ಮತ್ತ ಕೈಯಾಗೋಕ ಇಲ್ಲ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ರೊಕ್ಕದ ಲೆಕ್ಕ ಕೇಳುವಾಗ ಇದನ್ನೂ ಕೇಳೋಣು.

ಈಗ ಎಂಟನೇ ತಿಂಗಳು. ಕಬ್ಬಿನ ಹಂಗಾಮು ಹತ್ತಿರ ಬಂತು. ಗ್ಯಾಂಗಿನವರು ಬಂದು, ಕೈ ಆರಾಮ ಕಾಣ್ತೈತಲ್ಲ, ಹುಡುಗೀನ್ನ ಕಳಸ್ರಿ ಅಂದ್ರು. ಅಕ್ಕ ಬಾಗಿಲದಾಗ ನಿಂತು, "ನಾ ಬರತೀನಿ, ಆಕಿ ಬರಂಗಿಲ್ಲ" ಅಂದಳು. ಅಂದ್ರ ಗೋಕಾಕಕ್ಕ ಜೊತೆಗೆ ಹೋಗೋರು ಇನ್ನ ಮ್ಯಾಲೆ ನಾನು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಫಿಜಿಯೋಥೆರಪಿ ಓದಿದ ನಮ್ಮ ಹುಡುಗ, ಹುಡುಗ್ಯಾರು ಯಾರಾದ್ರೂ ಇದ್ರ ಇನ್‌ಬಾಕ್ಸ್ ಮಾಡ್ರಿ. ಸೋಮವಾರದಿಂದ ಟೆನಿಸ್ ಚಂಡಿನ ಎಸೆತ, ಮೂವತ್ತು ಹೆಜ್ಜೆ ದೂರಕ್ಕ. ಈ ಸಲ ಫೋಟೋ ಹಾಕಂಗಿಲ್ಲ.