ನಾವು ಲಟ್ಟಿಸಿದ ಹಪ್ಪಳ

ಫೋನಿನ್ಯಾಗ ಅರ್ಜಿ ತುಂಬೂಮುಂದ ‘ರೋಬೋಟ್ ಅಲ್ಲ’ ಅಂತ ತೋರಸ್ಲಿಕ್ಕೆ ಎರಡು ಸೊಟ್ಟ ಶಬ್ದ ಬರ್ತಿದ್ವು, ನೆನಪದ ಏನ್ರಿ ವೈನಿ? ಒಂದು ನಮ್ಮ ಪರೀಕ್ಷಾಕ್ಕ. ಇನ್ನೊಂದು ಹಳೇ ಪುಸ್ತಕದ್ದು, ಕಂಪ್ಯೂಟರಿಗೆ ಓದ್ಲಿಕ್ಕೆ ಬರಲಾರದ್ದು. ಅದನ್ನ ನಮ್ಮ ಕೈಲೆ ಓದಿಸ್ಕೋತಿದ್ರು! ರೀಕ್ಯಾಪ್ಚಾ ಅಂತ ಅದರ ಹೆಸರು. 2007ರಾಗ ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಾಗ ಶುರುವಾತು, 2009ರಾಗ ಗೂಗಲ್ ಕೊಂಡ್ಕೊಂಡ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೇ ಸಂಚಿಕೆಗಳನ್ನೂ ಹಿಂಗ ಓದಿಸಿದ್ರು. ಅದು ಛಲೋನ ಆತು, ನಂದೇನೂ ತಕರಾರಿಲ್ಲ. ಆಮ್ಯಾಲೆ ರಸ್ತೆ ಫೋಟೋದಾಗಿನ ಮನಿ ನಂಬರ್ ಓದಿಸಿ ಗೂಗಲ್ ತನ್ನ ನಕಾಶೆ ಸುಧಾರಿಸ್ಕೊಂಡ್ತು. ಅದು ವ್ಯಾಪಾರ ಅಲ್ಲೇನ್ರಿ?

ಮೂಲ್ಯಾಗ ಸಣ್ಣಕ್ಷರದಾಗ ‘ಪುಸ್ತಕ ಓದ್ರಿ’ ಅಂತ ಇಂಗ್ಲಿಷಿನ್ಯಾಗ ಬರದಿದ್ರಂತ. ಅವಸರದಾಗ ಯಾರು ನೋಡ್ತಾರ? ನಮ್ಮ ಓಣ್ಯಾಗ ಹಪ್ಪಳ ಲಟ್ಟಿಸ್ಲಿಕ್ಕೆ ಕರದ್ರ ಮೊದಲ ಹೇಳಿ ಕರೀತೀವಿ. ಹೋಗೂಮುಂದ ಚಹಾ ಕುಡಿಸಿ, ನಾಕು ಹಪ್ಪಳ ಕೈಯಾಗ ಕೊಟ್ಟು ಕಳಸ್ತೀವಿ.