ಪೂರಿಗಾಲಿಯಿಂದ ಮೂರು ದಿನ, ಮೂರು ಬುತ್ತಿ

ಪರೀಕ್ಷೆ ಮುಗಿದು ಮಕ್ಕಳಿಗೆ ಬಿಡುಗಡೆ ಸಿಕ್ಕಿತೆಂದರೆ ಅಪ್ಪ ಅಮ್ಮಂದಿರಿಗೆ ಚಿಂತೆ ಶುರು. ಊಟಿಗೆ ಹೋಗೋಣ ಎಂದು ಒಬ್ಬ, ನೀರಾಟದ ಪಾರ್ಕಿಗೆ ಎಂದು ಇನ್ನೊಬ್ಬಳು. ಜೇಬು ತಡವಿಕೊಂಡವರು ಅಜ್ಜಿ ಮನೆಗೆ ಕಳುಹಿಸಿ ಸುಮ್ಮನಾಗುತ್ತಾರೆ. ಆ ಅಜ್ಜಿ ಮನೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಸುತ್ತಮುತ್ತ ಇದ್ದರೆ ಮಕ್ಕಳು ಪುಣ್ಯವಂತರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಜಾಗಗಳು ಇಲ್ಲಿ ಒಂದೆರಡಲ್ಲ.

ಮೊದಲ ದಿನ ತಲಕಾಡು. ಗಂಗರ ರಾಜಧಾನಿಯಾಗಿದ್ದ ಊರು. ವೈದ್ಯೇಶ್ವರನ ಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕರನ್ನು ಕಂಡು ಮರಳಿನಲ್ಲಿ ನಡೆಯತೊಡಗಿದರೆ ಪಾತಾಳೇಶ್ವರ, ಮರುಳೇಶ್ವರ, ಕೀರ್ತಿನಾರಾಯಣ ಒಂದೊಂದಾಗಿ ಎದುರಾಗುತ್ತವೆ. ಚೋಳರನ್ನು ಸೋಲಿಸಿದ ನೆನಪಿಗೆ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು ಕೀರ್ತಿನಾರಾಯಣ ಗುಡಿ. ಅಲಮೇಲಮ್ಮನ ಶಾಪದ ಕಥೆಯನ್ನು ಅಜ್ಜಿಯ ಬಾಯಲ್ಲೇ ಕೇಳಬೇಕು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಕಾಲಕ್ಕೆ ಅದು ತಳುಕು ಹಾಕಿಕೊಂಡಿದೆ. ಕಥೆ ಮುಗಿದ ಮೇಲೆ ಮಕ್ಕಳನ್ನು ನದಿಯ ತಿರುವಿನ ಕಡೆ ತಿರುಗಿಸಿ ನಿಲ್ಲಿಸಿ. ಬೇಸಿಗೆಯಲ್ಲಿ ನೀರು ಇಳಿದು ಮರಳಿನ ಹಾಸು ತೆರೆದುಕೊಳ್ಳುತ್ತದೆ. ನೈರುತ್ಯದ ಗಾಳಿ ಆ ಮರಳನ್ನು ಎತ್ತಿ ದಡಕ್ಕೆ ತಂದು ಸುರಿಯುತ್ತದೆ. ನೂರಾರು ವರ್ಷ ಹೀಗೆ ಸುರಿದರೆ ಊರಿಗೆ ಊರೇ ಮುಚ್ಚೀತು. ಕಥೆಯೂ ವಿಜ್ಞಾನವೂ ಒಂದೇ ಟಿಕೆಟ್ಟಿನಲ್ಲಿ! ಹತ್ತು ಗಂಟೆಯೊಳಗೆ ಮರಳಿನ ನಡಿಗೆ ಮುಗಿಸಿಬಿಡಿ, ಆಮೇಲೆ ಅಂಗಾಲು ಸುಡುತ್ತದೆ. ಹಿಂತಿರುಗುವಾಗ ಮುಡುಕುತೊರೆಯ ಬೆಟ್ಟ ಹತ್ತಿ ಮಲ್ಲಿಕಾರ್ಜುನನನ್ನು ನೋಡಿ. ಕಾವೇರಿ ಬಳುಕುವ ಬಗೆ ಮೇಲಿನಿಂದ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ದಿನ ಶಿವನಸಮುದ್ರ. ಮಳವಳ್ಳಿಗೆ ಹೋಗಿ ಕೊಳ್ಳೇಗಾಲದ ಕಡೆಯ ಬಸ್ಸು ಹಿಡಿಯಬೇಕು. ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ಯಾಲೆಂಡರಿನ ಚಿತ್ರದಲ್ಲಿ ಭೋರ್ಗರೆಯುವ ಗಗನಚುಕ್ಕಿ ಏಪ್ರಿಲ್, ಮೇ ತಿಂಗಳಲ್ಲಿ ಸಿಗುವುದಿಲ್ಲ. ಬಂಡೆಗಳ ಮೇಲೆ ನೀರು ಎಳೆಎಳೆಯಾಗಿ ಇಳಿಯುತ್ತಿರುತ್ತದೆ. ಆದರೆ ಮಕ್ಕಳಿಗೆ ತೋರಿಸಬೇಕಾದ ಸಂಗತಿ ಬೇರೆಯೇ ಇದೆ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ವಿದ್ಯುದಾಗಾರ ಮಾತ್ರ ಇನ್ನೂ ಇದೆ. ಒಳಗೆ ಬಿಡಬೇಕಾದರೆ ಅನುಮತಿ ಬೇಕು, ಹೊರಗಿನಿಂದ ಕಂಡರೂ ಸಾಕು. ನಡುಗಡ್ಡೆಯಲ್ಲಿ ಮಲಗಿರುವ ಮಧ್ಯರಂಗನ ದರ್ಶನ ಮಾಡಿ, ನೆರಳು ನೋಡಿ ಬುತ್ತಿ ಬಿಚ್ಚಿ.

ಮೂರನೆಯ ದಿನ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ. 1268ರ ಕೇಶವ ದೇವಾಲಯ. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಆ ಅಕ್ಷರಗಳನ್ನು ಯಾರು ಮೊದಲು ಹುಡುಕುತ್ತೀರಿ ಎಂದು ಪಂದ್ಯ ಕಟ್ಟಿ. ಮಕ್ಕಳು ಗೋಡೆ ಬಿಟ್ಟು ಕದಲುವುದಿಲ್ಲ.

ಖರ್ಚು ಎಷ್ಟಾದೀತು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಅಜ್ಜಿ, ಅಮ್ಮ, ಮಗಳು ಹೊರಟರೆ ದುಡ್ಡು ಬೇಕಾಗುವುದು ಎಳನೀರಿಗೆ, ಕಡಲೆಕಾಯಿಗೆ. ಆಧಾರ್ ಕಾರ್ಡು ಮರೆಯಬೇಡಿ. ಕೊನೆಯ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಪುಳಿಯೋಗರೆ, ಮೊಸರನ್ನ ಮನೆಯಿಂದಲೇ ಬರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬೇಸಿಗೆಯ ಕಾವೇರಿ ಸಾಧುವಾಗಿ ಕಾಣುತ್ತಾಳೆ. ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಮಡು ಇರುತ್ತದೆ. ಕಾಲಡಿಯ ಮರಳು ಜಾರುತ್ತದೆ. ತಲಕಾಡಿನಲ್ಲಿ, ಮುತ್ತತ್ತಿಯಲ್ಲಿ ರಜೆಗೆಂದು ಬಂದವರು ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಅವರಲ್ಲಿ ಅನೇಕರು ವಿದ್ಯಾರ್ಥಿಗಳು. ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದದ್ದೂ ಉಂಟು. ಈಜು ಬರುತ್ತದೆ ಎಂಬ ಧೈರ್ಯ ಹೊಳೆಯಲ್ಲಿ ನಡೆಯದು. ಸ್ನಾನ ಮಾಡಲೇಬೇಕೆಂದರೆ ಸ್ಥಳೀಯರು ತೋರಿಸಿದ ಕಡೆ, ದಡದಲ್ಲಿ ಕುಳಿತು, ಚೊಂಬಿನಲ್ಲಿ. ಕಾಲೇಜು ಹುಡುಗರು ದೊಡ್ಡವರಿಲ್ಲದೆ ಹೊರಟರೆ ತಂದೆ ತಾಯಿ ಈ ಮಾತನ್ನು ಎರಡು ಸಲ ಹೇಳಿ ಕಳುಹಿಸಲಿ.

ಹೊಳೆ ಇಷ್ಟು ಹತ್ತಿರವಿದ್ದರೂ ಪೂರಿಗಾಲಿ ಸೀಮೆಯ ಹೊಲಗಳು ನೀರಿಗಾಗಿ ಹನಿ ನೀರಾವರಿ ಯೋಜನೆಯತ್ತ ನೋಡಬೇಕಾಯಿತು. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಒಂದೇ ಕಾವೇರಿ ಒಂದು ಕಡೆ ಊರು ಮುಚ್ಚಿದಳು, ಒಂದು ಕಡೆ ದೀಪ ಹಚ್ಚಿದಳು, ಇನ್ನೊಂದು ಕಡೆ ಕೈಗೆಟುಕದೆ ಹರಿದಳು. ಇದನ್ನು ಕಣ್ಣಾರೆ ಕಂಡ ಮಗುವಿಗೆ ಮುಂದಿನ ವರ್ಷದ ಸಮಾಜ ಪಾಠ ಅರ್ಧ ಬಂದಂತೆಯೇ. ಬುತ್ತಿ ಕಟ್ಟಿ, ಹೊರಡಿ.