ಸಂಶಯಕ್ಕೂ ಒಂದು ಜಾಗವಿರಲಿ

ನಿಮ್ಮ ಮನೆಯಲ್ಲೂ ಸದಾ ಸುಸ್ತೆನ್ನುವ, ಬಿಳಿಚಿಕೊಂಡ ಮುಖದ ಮಗಳೊಬ್ಬಳಿರಬಹುದು. ಹಾಗಿದ್ದರೆ ಸಹೋದರಿಯರೇ, ಈ ತಾಯಿಯ ಮಾತನ್ನು ಸ್ವಲ್ಪ ಕೇಳಿ.

ವಿಜಯನಗರದ ನಮ್ಮ ಮನೆಯಲ್ಲಿ ಎರಡು ವರ್ಷ ಒಂದೇ ಜಗಳ. ಮಗಳು ಕಾಲೇಜಿನಿಂದ ಬಂದವಳೇ ಮಲಗಿಬಿಡುತ್ತಿದ್ದಳು. "ಸೊಪ್ಪು ತಿನ್ನು, ಖರ್ಜೂರ ತಿನ್ನು, ಕಬ್ಬಿಣದ ಮಾತ್ರೆ ನುಂಗು" ಎಂದು ನಾನು ಗದರುತ್ತಿದ್ದೆ. ಹಿಮೋಗ್ಲೋಬಿನ್ ಮಾತ್ರ 10 ದಾಟಲಿಲ್ಲ. ಮಾತ್ರೆಗಳನ್ನು ಕದ್ದು ಬಿಸಾಡುತ್ತಿದ್ದಾಳೆ ಎಂದು ಒಂದು ದಿನ ಆರೋಪಿಸಿಯೂಬಿಟ್ಟೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಅವಳಿಗೆ ಸಂಬಂಧ ಗೊತ್ತಾದ ಮೇಲೆ ಬೇರೊಬ್ಬ ವೈದ್ಯೆಯನ್ನು ಕಂಡೆವು. ಅವರು ರಕ್ತದ ವರದಿಯಿಂದ ಎರಡೇ ಅಂಕಿಗಳನ್ನು ಆರಿಸಿಕೊಂಡರು. ಕೆಂಪು ರಕ್ತಕಣದ ಸರಾಸರಿ ಗಾತ್ರ 64, ಕಣಗಳ ಎಣಿಕೆ 5.6. ಭಾಗಿಸಿದರೆ ಸುಮಾರು 11.4. "ಇದು 13ಕ್ಕಿಂತ ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಸಾಧ್ಯತೆ ಹೆಚ್ಚು. ಕಡಿಮೆಯಿದ್ದರೆ ಥಲಸ್ಸೇಮಿಯಾ ವಾಹಕಿಯೇ ಎಂದು ನೋಡಬೇಕು" ಎಂದರು. ಕುಟುಂಬದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ನನಗೆ ಸೋದರತ್ತೆಯ ಮಗು ನೆನಪಾಯಿತು. ಎರಡು ವರ್ಷ ತುಂಬುವ ಮೊದಲೇ ರಕ್ತವಿಲ್ಲದೆ ತೀರಿಹೋಗಿದ್ದ ಮಗು. ಕಾರಣವನ್ನು ಯಾರೂ ಕೇಳಿರಲಿಲ್ಲ. ಹಿಮೋಗ್ಲೋಬಿನ್ ಎ2 ಪರೀಕ್ಷೆಯಲ್ಲಿ ಶೇ. 5.2 ಬಂತು. ಮಗಳು ವಾಹಕಿಯೆಂದು ತಿಳಿಯಿತು. ಅದು ರೋಗವಲ್ಲ, ಹುಟ್ಟಿನಿಂದ ಬಂದ ಗುಣ. ಆದರೆ ಗಂಡನೂ ವಾಹಕನಾಗಿದ್ದರೆ, ಪ್ರತಿ ಸಲವೂ ಹುಟ್ಟುವ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮಗಳು ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತಿದ್ದಳು. ಅಂದು ರಾತ್ರಿ ಹಾಳೆಯ ಮೇಲೆ ಎರಡು ಬೆಟ್ಟ ಬರೆದಳು. "ಉಮ್ಮಾ, ಮೆಷಿನ್ ಲರ್ನಿಂಗ್ ಪಾಠದಲ್ಲೂ ಇದೇ ಲೆಕ್ಕ. ಕಬ್ಬಿಣ ಕಡಿಮೆಯಿರುವವರ ಅಂಕಿಗಳನ್ನೆಲ್ಲ ಸಾಲಾಗಿಟ್ಟರೆ ಒಂದು ಬೆಟ್ಟ. ಮಧ್ಯದಲ್ಲಿ ಹೆಚ್ಚು ಜನ, ಅಂಚಿನಲ್ಲಿ ಕಡಿಮೆ. ವಾಹಕರದ್ದು ಇನ್ನೊಂದು ಬೆಟ್ಟ. ಹೊಸ ಅಂಕಿ ಬಂದಾಗ ಆ ಜಾಗದಲ್ಲಿ ಯಾವ ಬೆಟ್ಟ ಎಷ್ಟು ಎತ್ತರ ಎಂದು ಯಂತ್ರ ನೋಡುತ್ತದೆ. ಆ ಗುಂಪಿನವರು ಜನರಲ್ಲಿ ಎಷ್ಟು ಪಾಲು ಇದ್ದಾರೋ ಅದರಿಂದ ಗುಣಿಸುತ್ತದೆ. ಯಾವುದು ಹೆಚ್ಚೋ ಆ ಗುಂಪಿಗೆ ಸೇರಿಸುತ್ತದೆ."

ಈ 'ಪಾಲು' ಎಂಬ ಮಾತು ನನ್ನ ಕಣ್ಣು ತೆರೆಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆ ಅದಕ್ಕೆ ದೊಡ್ಡ ಕಾರಣ. ಥಲಸ್ಸೇಮಿಯಾ ವಾಹಕರಾದರೋ ನೂರಕ್ಕೆ ಮೂರು ನಾಲ್ಕು ಮಂದಿ. ಹಾಗಾಗಿ ಮೊದಲ ಊಹೆ ಕಬ್ಬಿಣದ ಕಡೆಗೇ ಹೋದದ್ದು ತಪ್ಪಲ್ಲ. ಎರಡು ವರ್ಷವಾದರೂ ಊಹೆಯನ್ನು ಬದಲಿಸದೆ ಮಗಳನ್ನೇ ದೂರಿದ್ದು ನನ್ನ ತಪ್ಪು. ಸೋದರತ್ತೆಯ ಮಗುವಿನ ವಿಷಯ ಮೊದಲೇ ಹೇಳಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರಿದ್ದಾರೆಂದು ನಿಮಗೆ ಗೊತ್ತೇ? ಸಿ.ಆರ್. ರಾವ್ 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದವರು. ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು, ಒಂದು ಜೀವಿ ಯಾವ ಗುಂಪಿಗೆ ಸೇರಿದ್ದೆಂದು ನಿರ್ಧರಿಸುವ ಬಗ್ಗೆ 1948ರಲ್ಲೇ ಪ್ರಬಂಧ ಬರೆದರು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ 102ನೇ ವಯಸ್ಸಿನಲ್ಲಿ ನಿಧನರಾದರು. ಅವರು ದಶಕಗಳ ಕಾಲ ದುಡಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಇರುವುದು ಮೈಸೂರು ರಸ್ತೆಯಲ್ಲಿ. ಕೆಂಗೇರಿಗೆ ಹೋಗುವಾಗ ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೇನೋ! ಅಲ್ಲಿನ ಲೆಕ್ಕಕ್ಕೂ ನನ್ನ ಅಡುಗೆಮನೆಯ ಜಗಳಕ್ಕೂ ಸಂಬಂಧವಿದೆಯೆಂದು ಅಂದುಕೊಂಡಿರಲಿಲ್ಲ.

ನಿಜವಾದ ಪರೀಕ್ಷೆ ಮುಂದಿತ್ತು. ಹುಡುಗನ ರಕ್ತವನ್ನೂ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಎ2 ಶೇ. 3.5 ಬಂತು. ಎರಡು ಬೆಟ್ಟಗಳ ಬುಡ ಒಂದರೊಳಗೊಂದು ಸೇರುವ ಜಾಗ! "ಏನೂ ಇಲ್ಲ, ನಿಕಾಹ್ ಮುಗಿಸಿ" ಎಂದರು ಕೆಲವರು. "ಹುಡುಗಿಗೇ ರೋಗ, ಈ ಸಂಬಂಧ ಬೇಡ" ಎಂದರು ಇನ್ನು ಕೆಲವರು. ಎಲ್ಲರಿಗೂ ಅಂದೇ ತೀರ್ಪು ಬೇಕಿತ್ತು.

ಶಾಂತವಾಗಿದ್ದವಳು ಮಗಳು ಮಾತ್ರ. "ಎರಡೂ ಕಡೆಯ ತೂಕ ಹತ್ತಿರ ಹತ್ತಿರ ಬಂದರೆ ತೀರ್ಪು ಕೊಡಬೇಡ, ಸಂಶಯದ ವಲಯದಲ್ಲಿಡು, ಇನ್ನೊಂದು ಅಳತೆ ಕೇಳು ಎಂದು ಯಂತ್ರಕ್ಕೂ ಹೇಳಿಕೊಡಬಹುದು ಉಮ್ಮಾ. ನಾವು ಮನುಷ್ಯರು ಅಷ್ಟು ಕಾಯಬಾರದೇ?" ಎಂದಳು. ವೈದ್ಯೆ ಹೇಳಿದ್ದೂ ಅದನ್ನೇ. ಜೀನ್ ಪರೀಕ್ಷೆಗೆ ಕೊಟ್ಟು ಮೂರು ವಾರ ಕಾದೆವು. ಆ ಮೂರು ವಾರ ನಾನು ಹೇಗೆ ಕಳೆದೆನೋ! ಹುಡುಗ ವಾಹಕನಲ್ಲ ಎಂದು ವರದಿ ಬಂತು. ನಿಕಾಹ್ ನಡೆಯಿತು.

ವರದಿ ಬೇರೆಯಾಗಿದ್ದರೂ ತಿಳಿದುಕೊಂಡದ್ದೇ ಒಳ್ಳೆಯದಾಗುತ್ತಿತ್ತು. ಏನು ಮಾಡಬೇಕೆಂದು ಇಬ್ಬರೂ ತಿಳಿದು ನಿರ್ಧರಿಸಬಹುದಿತ್ತು. ಆದ್ದರಿಂದ ಓದುಗರೇ, ಮದುವೆಯ ಮಾತುಕತೆ ನಡೆಯುವಾಗ ಈ ಒಂದು ಪರೀಕ್ಷೆಯ ಮಾತನ್ನೂ ಎತ್ತಿ. ಕುಟುಂಬದಲ್ಲಿ ತೀರಿಹೋದ ಮಕ್ಕಳ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ಅಂಕಿ ಅಂಚಿನಲ್ಲಿದ್ದರೆ ಅವಸರಪಡಬೇಡಿ.

ಆ ಮಾತ್ರೆಯ ಆರೋಪಕ್ಕಾಗಿ ನಾನು ಮಗಳಲ್ಲಿ ಕ್ಷಮೆ ಕೇಳಿದ್ದೇನೆ. ನಿಮ್ಮ ಮಗಳನ್ನು ಗದರುವ ಮೊದಲು ಅವಳ ರಕ್ತದ ವರದಿಯನ್ನು ಇನ್ನೊಮ್ಮೆ ವೈದ್ಯರಿಗೆ ತೋರಿಸುವಿರಾ?